ಗೃಹಪ್ರವೇಶದ ಒಂದು ಕಾರ್ಡು
(ಗುಬ್ಬಿಯ ಯುವಕರ ಸಭೆಯಲ್ಲಿ ಆಡಿದ ಮಾತು)

ಗುಬ್ಬಿಯ ಗೆಳೆಯರೇ, ಕುಣಿಗಲ್ಲಿನಿಂದ ಬಸ್ಸು ಹತ್ತಿ ಬಂದ ತಮ್ಮಂದಿರೇ,

ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಕೈಗೆ ಮಸಿ ಹಚ್ಚಿಕೊಂಡವನು. ತುಮಕೂರಿನಲ್ಲಿ ಒಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಪುಸ್ತಕ, ನಮ್ಮ ಚಳವಳಿಯ ಕರಪತ್ರ ಎಲ್ಲಾ ಅಚ್ಚು ಹಾಕುತ್ತೇನೆ. ಇವತ್ತು ಒಂದು ಗೃಹಪ್ರವೇಶದ ಕಾರ್ಡಿನ ವಿಷಯ ಹೇಳಿ ಕೂತುಬಿಡುತ್ತೇನೆ.

ಕಾರ್ಡು ನನ್ನ ಪ್ರೆಸ್ಸಿನ ಬೈಂಡರನದು. ಮನೆಯಲ್ಲಿ ತಮಿಳು, ಓದಿದ್ದು ಕನ್ನಡ ಶಾಲೆ. ನನ್ನ ಪ್ರೂಫಿನಲ್ಲಿ ಒತ್ತಕ್ಷರದ ತಪ್ಪು ಹಿಡಿಯುವವನು ಅವನೇ. ಅವನ ತಂದೆ ಹುಟ್ಟಿದ್ದು ಸಿಲೋನಿನ ಟೀ ತೋಟದಲ್ಲಿ. ಬ್ರಿಟಿಷರು ಕೂಲಿಗೆಂದು ಒಯ್ದ ಜನರ ಸಂತಾನ. 1948ರಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು, ಅದೇ ವರ್ಷದ ಕಾಯಿದೆ ಈ ಜನರನ್ನು ಪೌರತ್ವದಿಂದ ಹೊರಗಿಟ್ಟಿತು. 1964ರ ಅಕ್ಟೋಬರಿನಲ್ಲಿ ನಮ್ಮ ಶಾಸ್ತ್ರಿಯವರೂ ಅಲ್ಲಿನ ಸಿರಿಮಾವೋ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡರು. 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ. ಸಂತೆಯಲ್ಲಿ ತೆಂಗಿನಕಾಯಿ ಎಣಿಸಿದ ಹಾಗೆ! ಆ ಜನರನ್ನು ಕೇಳಿದವರು ಯಾರು?

ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳನ್ನು 1970ರ ದಶಕದಲ್ಲಿ ನಮ್ಮ ಸುಳ್ಯ, ಪುತ್ತೂರಿನ ಕಡೆ ತಂದಿಳಿಸಿದರು. ಅವರಿಗೆಂದು ಸರ್ಕಾರಿ ರಬ್ಬರ್ ತೋಟ ಎದ್ದಿತು. ನಸುಕಿನಲ್ಲೇ ಎದ್ದು ಮರ ಕೆತ್ತಿ ಹಾಲು ಇಳಿಸುವ ಕೆಲಸ, ಇರಲು ಕ್ವಾರ್ಟರ್ಸು. ಆದರೆ ಮನೆ ಇರುವುದು ಕೆಲಸ ಇರುವ ತನಕ. ನಿವೃತ್ತಿಯ ದಿನ ಬೀಗದ ಕೈ ಒಪ್ಪಿಸಿ ಹೊರಡಬೇಕು. ಸಿಲೋನಿನ ಲೈನ್ ಮನೆಯ ಕಥೆಯೂ ಅದೇ ಆಗಿತ್ತು. ಸಮುದ್ರ ದಾಟಿದರೂ ಹಣೆಬರಹ ದಾಟಲಿಲ್ಲ. ಪರಿಶಿಷ್ಟ ಜಾತಿಯವರಾಗಿದ್ದರೂ ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಅಲೆದಾಟ. ಆ ಕಾಗದವಿಲ್ಲದೆ ವಸತಿ ಯೋಜನೆಯ ಮೀಸಲು ಪಾಲೂ ಇಲ್ಲ.

ಮಗ ಕೆಲಸ ಹುಡುಕಿ ತುಮಕೂರಿಗೆ ಬಂದ. ಹನ್ನೊಂದು ತಿಂಗಳ ಕರಾರು, ಏಳು ಬಾಡಿಗೆ ಮನೆ. ಪ್ರತಿ ಸಲ ರೇಷನ್ ಕಾರ್ಡು, ವೋಟಿನ ಪಟ್ಟಿ, ಮಗಳ ಶಾಲೆ ಎಲ್ಲಾ ಅದಲುಬದಲು.

ಈಗ ಕಹಿ ಮಾತು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ. ಅವನ ಮನೆ ಮಾಲೀಕ "ನಿಮ್ಮಿಂದ ನಮಗೆ ತೊಂದರೆ ಬೇಡಪ್ಪ" ಎಂದು ವಾರದೊಳಗೆ ಮನೆ ಬಿಡಿಸಿದ. ಆ ವಾರದ ಕರಪತ್ರ ಅಚ್ಚಾದದ್ದು ನನ್ನ ಪ್ರೆಸ್ಸಿನಲ್ಲೇ. ಮಡಿಚಿ ಕಟ್ಟು ಕಟ್ಟಿದವನು ಅವನೇ. ಸಂಜೆ ಕಟ್ಟು ನನ್ನ ಕೈಗೆ ಕೊಟ್ಟು, ಸಾಮಾನು ಸಾಗಿಸಲು ಗಾಡಿ ಕೇಳಿದ. ಕಾವೇರಿ ನೀರು ನಮ್ಮ ಹಕ್ಕು, ಆ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆಮೇಲೆ ಆಶ್ರಯ ನಿವೇಶನಕ್ಕೆ ಅರ್ಜಿ ಹಾಕಿಸಿದೆ. ಜಾತಿ ಪತ್ರವಿಲ್ಲ, ಸಾಮಾನ್ಯ ವರ್ಗದಲ್ಲೇ ಹಾಕಿದ್ದು. ಎರಡು ಸಲ ಹೆಸರು ಬರಲಿಲ್ಲ, ಮೂರನೇ ಸಲ ಬಂತು. ಇಪ್ಪತ್ತು-ಮೂವತ್ತರ ನಿವೇಶನ, ಹಕ್ಕುಪತ್ರ ಹೆಂಡತಿಯ ಹೆಸರಿಗೆ. ಸಹಾಯಧನ ಒಂದೇ ಗಂಟಿನಲ್ಲಿ ಬರುವುದಿಲ್ಲ ಕಣ್ರಪ್ಪಾ! ತಳಪಾಯಕ್ಕೆ ಒಂದು ಕಂತು, ಗೋಡೆಗೆ ಒಂದು, ಛಾವಣಿಗೆ ಒಂದು, ಮುಗಿದ ಮೇಲೆ ಕಡೆಯದು. ಪ್ರತಿ ಹಂತಕ್ಕೂ ಫೋಟೋ ತೆಗೆದು ಕಳಿಸಬೇಕು. ಕಂತು ತಡವಾದರೆ ತಂದ ಸಿಮೆಂಟು ಗಟ್ಟಿಯಾಗುತ್ತದೆ. ಮಿಕ್ಕಿದ್ದಕ್ಕೆ ಸಹಕಾರ ಸಂಘದ ಸಾಲ, ಹೆಂಡತಿ ಊದುಬತ್ತಿ ಹೊಸೆದ ದುಡ್ಡು.

2023ರ ಫೆಬ್ರವರಿಯಲ್ಲಿ ನಿಮ್ಮ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಈಗ ಹೊಲ ಕಂಡಲ್ಲೆಲ್ಲ ಸೈಟಿನ ಕಲ್ಲು. ಆ ಬಡಾವಣೆಗಳ ಬಣ್ಣದ ಬ್ರೋಷರು ಅಚ್ಚು ಹಾಕಿ ಹೊಟ್ಟೆ ಹೊರೆಯುವವನೂ ನಾನೇ, ಮುಚ್ಚಿಡುವುದೇನು? ಸಂಬಳದವನಿಗೇ ಎಟುಕದ ಆ ಸೈಟು ಬೈಂಡರನಿಗೆ ಎಟುಕೀತೇ? ಸರ್ಕಾರದ ಆ ಆರುನೂರು ಅಡಿ ಸಿಗದಿದ್ದರೆ ಅವನು ಎಂಟನೇ ಬಾಡಿಗೆ ಮನೆ ಹುಡುಕುತ್ತಿದ್ದ. ನಿಮ್ಮ ವಾರ್ಡಿನಲ್ಲೂ ಇಂಥವರಿದ್ದಾರೆ. ಅರ್ಜಿ ತುಂಬಿಕೊಡಿ, ಪಟ್ಟಿ ಓದಿಸುವ ದಿನ ಜೊತೆಗೆ ಹೋಗಿ ನಿಲ್ಲಿ.

ಕಾರ್ಡು ಬರೆಸಲು ಬಂದಾಗ "ಮನೆಗೆ ಏನು ಹೆಸರು ಹಾಕೋಣ?" ಎಂದೆ. "ಹೆಸರು ಬೇಡ ಸಾರ್, ವಿಳಾಸ ದಪ್ಪಕ್ಷರದಲ್ಲಿ ಹಾಕಿ" ಎಂದ. ಹಾಕಿದೆ. ದೇವರ ಹೆಸರಿಗಿಂತ ವಿಳಾಸವೇ ದೊಡ್ಡದಾಯಿತು. ಮೊದಲ ಕಾರ್ಡು ಸುಳ್ಯಕ್ಕೆ ಅಂಚೆಯಲ್ಲಿ ಹೋಯಿತು.