ಬೇಣಕ್ಕೆ ಬೆಂಕಿ, ಹಳ್ಳಕ್ಕೆ ಬರ

(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಶಿವರಾತ್ರಿ ಹತ್ತಿರವಾದಂತೆ ನಮ್ಮ ಗುಡ್ಡಗಳ ನೆತ್ತಿಯಲ್ಲಿ ಹೊಗೆ ಏಳುವುದನ್ನು ನೀವೆಲ್ಲ ಕಂಡಿದ್ದೀರಿ. ಬೇಣಕ್ಕೆ ಬೆಂಕಿ ಹಾಕಿದರೆ ಒಳ್ಳೆಯ ಹುಲ್ಲು ಬರುತ್ತದೆಂಬುದು ಹಿಂದಿನಿಂದ ಬಂದ ಮಾತು. ಅದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧಕ್ಕೆ ಬೆಲೆ ತೆರುವವರು ನಾವೇ.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖದ ಎತ್ತರಗಳಲ್ಲಿ ಗುಡ್ಡದ ಬೆನ್ನೆಲ್ಲ ಹುಲ್ಲು. ನೀರಿನ ಒರತೆಯಿರುವ ಕಣಿವೆಗಳಲ್ಲಿ ಗಿಡ್ಡ ಮರಗಳ ದಟ್ಟ ಕಾಡು. ಇದೇ ಶೋಲಾ. ಪಶ್ಚಿಮ ಘಟ್ಟದ ಎತ್ತರದ ಭಾಗಗಳಲ್ಲಿ ಮಾತ್ರ ಉಳಿದಿರುವ ಅಪರೂಪದ ಕಾಡು. ಮಳೆಗಾಲದ ನೀರನ್ನು ಹುಲ್ಲಿನ ಬೇರು, ಶೋಲಾದ ದರಗು ಹಿಡಿದಿಟ್ಟು ಬೇಸಿಗೆಯಲ್ಲಿ ನಿಧಾನವಾಗಿ ಬಿಡುತ್ತವೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಕಳಸ ದಾಟಿ ಹರಿಯುವ ಭದ್ರೆ, ಮೂಡಿಗೆರೆಯ ತೋಟದ ಹಳ್ಳಗಳು ಎಲ್ಲವೂ ಇಂಥ ಗುಡ್ಡಗಳ ಋಣದಲ್ಲಿವೆ.

ಬೆಂಕಿ ಹೊಸ ಹುಲ್ಲನ್ನು ಹುಟ್ಟಿಸುವುದಿಲ್ಲ. ಒಣಗಿದ್ದನ್ನು ಸುಡುತ್ತದೆ, ಅಷ್ಟೆ. ಆಮೇಲೆ ಕಾಣುವ ಹಸಿರು, ಬುಡದಲ್ಲಿ ಕೂಡಿಟ್ಟ ಗಂಟನ್ನು ಖರ್ಚು ಮಾಡಿ ಬಂದ ಚಿಗುರು. ಅದನ್ನೂ ಕೂಡಲೇ ಮೇಯಿಸಿದರೆ ಬುಡ ಸೊರಗುತ್ತದೆ. ಮೊದಲ ಮಳೆಗೆ ಬೂದಿಯೊಂದಿಗೆ ಮೇಲ್ಮಣ್ಣೂ ಕೊಚ್ಚಿ ಹೋಗುತ್ತದೆ. ಶೋಲಾದ ಒಳಗೆ ತೇವವಿರುವುದರಿಂದ ಬೆಂಕಿ ಸುಲಭವಾಗಿ ನುಗ್ಗದು. ಆದರೆ ಅಂಚಿನ ಸಸಿಗಳು ಸಾಯುತ್ತವೆ. ವರ್ಷ ವರ್ಷವೂ ಹೀಗಾದರೆ ಕಾಡು ಕುಗ್ಗುತ್ತದೆ, ಒರತೆ ಬತ್ತುತ್ತದೆ.

ಬೋಳು ಬೇಣಕ್ಕೆ ಅಕೇಶಿಯಾ ನೆಡುವುದೂ ಪರಿಹಾರವಲ್ಲ. ಆಸ್ಟ್ರೇಲಿಯಾ ಕಡೆಯ ಈ ಮರದ ಸೊಪ್ಪನ್ನು ದನ ಮುಟ್ಟುವುದಿಲ್ಲ. ಉದುರಿದ ಎಲೆ ಬೇಸಿಗೆಯಲ್ಲಿ ಬೆಂಕಿಗೆ ಆಹಾರ.

ಹಾಗಾದರೆ ಮಾಡಬೇಕಾದುದೇನು?

1. ನಿಮ್ಮ ಬೇಣದ ಕರಡವನ್ನು ಮಳೆ ನಿಂತೊಡನೆ ಕೊಯ್ದು ಒಣಗಿಸಿ ಬಣವೆ ಹಾಕಿ. ಕೊಯ್ದ ಬೇಣದಲ್ಲಿ ಬೆಂಕಿ ಹಬ್ಬುವ ಭಯ ಕಡಿಮೆ.

2. ಸಂಕ್ರಾಂತಿಯೊಳಗೆ ಬೇಣದ ಅಂಚು, ತೋಟದ ಬೇಲಿ ಪಕ್ಕ ಹುಲ್ಲು, ದರಗು ಕೆರೆದು ಬೆಂಕಿ ರೇಖೆ ಮಾಡಿ.

3. ಬೇಸಿಗೆಯ ಮೇವಿಗೆ ಕೊಟ್ಟಿಗೆಯ ತೊಳೆದ ನೀರು ಹರಿಯುವಲ್ಲಿ ನೇಪಿಯರ್ ಹುಲ್ಲು ನೆಡಿ.

4. ಹೊಗೆ ಕಂಡೊಡನೆ ಅರಣ್ಯ ಇಲಾಖೆಗೆ ತಿಳಿಸಿ. ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ.

ಬಂಧುಗಳೇ, ನಾವು ಡೇರಿಗೆ ಹಾಕುವ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ. ಆ ನೀರು ಬರುವುದು ಗುಡ್ಡದಿಂದ. ಈ ಬೇಸಿಗೆಯಲ್ಲಿ ಬೆಂಕಿಪೊಟ್ಟಣ ಜೇಬಿನಿಂದ ಹೊರಬರುವ ಮುನ್ನ, ಮನೆಯ ಹಸುವಿಗೆ ಏಪ್ರಿಲ್‌ನಲ್ಲಿ ನೀರೆಲ್ಲಿಂದ ತರುವುದೆಂದು ಒಮ್ಮೆ ಯೋಚಿಸಿ.