ಗಾಂಜಾ ಮತ್ತು ಪ್ರಾಣಿಗಳ ಅರಿವಳಿಕೆ

ಗಾಂಜಾದ ಸಂಯುಕ್ತಗಳೂ ಅರಿವಳಿಕೆಯ ಮದ್ದುಗಳೂ ಪ್ರಾಣಿಯ ದೇಹದಲ್ಲಿ ಮುಖ್ಯವಾಗಿ ಮೂರು ಕಡೆ ಎದುರಾಗುತ್ತವೆ: ಮಿದುಳು, ಯಕೃತ್ತು, ಹೃದಯ. ಮಿದುಳಿನಲ್ಲಿ ನಿದ್ದೆ ಆಳವಾಗುತ್ತದೆ, ಯಕೃತ್ತಿನಿಂದಾಗಿ ಅದು ದೀರ್ಘವಾಗುತ್ತದೆ, ಹೃದಯದಲ್ಲಿ ಅದರ ಅಪಾಯ ಕಾಣಿಸಿಕೊಳ್ಳುತ್ತದೆ.

ಈಥರ್ ಅರಿವಳಿಕೆ ಬಳಕೆಗೆ ಬಂದ 1846ಕ್ಕಿಂತ ಮೊದಲೇ, 1839ರಲ್ಲಿ, ಕಲ್ಕತ್ತೆಯ ವೈದ್ಯ ವಿಲಿಯಂ ಓಶಾಗ್ನೆಸಿ ಪ್ರಾಣಿಗಳ ಮೇಲೆ ಗಾಂಜಾದ ಪರಿಣಾಮವನ್ನು ವಿವರಿಸಿದ್ದರು. ನೇಪಾಳದ ಚರಸ್ ಕುಡಿಸಿದ ನಾಯಿ ಅರ್ಧ ಗಂಟೆಯಲ್ಲಿ ತೂಕಡಿಸಿತು, ಬೆಚ್ಚಿ ಎದ್ದು ಬಾಲ ಆಡಿಸಿತು, ಆತುರದಿಂದ ತಿಂದಿತು, ಕರೆದಾಗ ತೂರಾಡಿತು; ಆರು ಗಂಟೆಗಳಲ್ಲಿ ಚೇತರಿಸಿಕೊಂಡಿತು. ಬೆಕ್ಕು, ಹಂದಿಗಳಿಗೂ ಅಮಲೇರಿತು. ಕುದುರೆ, ಆಡು, ಹಸುಗಳ ಮೇಲೆ ಪರಿಣಾಮ ಅತ್ಯಲ್ಪ. ಒಂದು ಪ್ರಾಣಿಯಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದು ಅಂದೇ ತಿಳಿದಿತ್ತು.

ಗಾಂಜಾದಲ್ಲಿ ಅಮಲು ತರುವ ಸಂಯುಕ್ತವಾದ ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನ ಗಾವೋನಿ ಮತ್ತು ಮೆಶೂಲಂ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಸಿಬಿ1 ಗ್ರಾಹಕಗಳ ಮೂಲಕ ನರಕೋಶಗಳ ನಡುವಿನ ಸಂದೇಶವನ್ನು ತಗ್ಗಿಸುತ್ತದೆ. ನಾಯಿಯ ಕಿರುಮಿದುಳಿನಲ್ಲಿ ಈ ಗ್ರಾಹಕಗಳು ದಟ್ಟವಾಗಿರುವುದರಿಂದಲೇ ಗಾಂಜಾ ತಿಂದ ನಾಯಿ ನಿಂತಲ್ಲೇ ಓಲಾಡುತ್ತದೆ. ಅರಿವಳಿಕೆಯ ಮದ್ದುಗಳಾದ ಐಸೊಫ್ಲುರೇನ್, ಪ್ರೊಪೋಫಾಲ್‌ಗಳು ಬೇರೆ ದಾರಿಯಿಂದ, ಮುಖ್ಯವಾಗಿ ಗಾಬಾ ಗ್ರಾಹಕಗಳ ಮೂಲಕ, ನರಮಂಡಲವನ್ನು ಮಂಕಾಗಿಸುತ್ತವೆ. ದಾರಿ ಬೇರೆಯಾದರೂ ಪರಿಣಾಮ ಕೂಡಿಕೊಳ್ಳುತ್ತದೆ. ಪ್ರೊಪೋಫಾಲ್ ಕೊಟ್ಟ ಸುಂಡಿಲಿಗಳ ಮಿದುಳಿನಲ್ಲಿ, ಗಾಂಜಾವನ್ನು ಹೋಲುವ ದೇಹದ ಸ್ವಂತ ರಾಸಾಯನಿಕ ಆನಂದಮೈಡ್ ಹೆಚ್ಚಿದ್ದೂ ಕಂಡುಬಂದಿದೆ.

ಅನಿಲರೂಪದ ಅರಿವಳಿಕೆಯ ಬಲವನ್ನು ಅಳೆಯುವ ಮಾನ 'ಮ್ಯಾಕ್': ನೋವುಂಟುಮಾಡಿದಾಗ ಅರ್ಧದಷ್ಟು ಪ್ರಾಣಿಗಳು ಮಿಸುಕದಿರಲು ಬೇಕಾದ ಪ್ರಮಾಣ. ನಾಯಿಯಲ್ಲಿ ಹ್ಯಾಲೋಥೇನಿಗೆ ಇದು ಸುಮಾರು ಶೇ. 0.87. 1973ರ ಪ್ರಯೋಗಗಳಲ್ಲಿ ಟಿಎಚ್‌ಸಿ ನಾಯಿಗಳಿಗೆ ಬೇಕಾದ ಹ್ಯಾಲೋಥೇನನ್ನೂ ಇಲಿಗಳಿಗೆ ಬೇಕಾದ ಸೈಕ್ಲೋಪ್ರೊಪೇನನ್ನೂ ತಗ್ಗಿಸಿತು. ಹಾಗಾಗಿ ವಾಡಿಕೆಯ ಪ್ರಮಾಣವೇ ಗಾಂಜಾ ತಿಂದ ಪ್ರಾಣಿಗೆ ಅತಿಯಾಗಬಹುದು.

ಗಾಂಜಾದ ಇನ್ನೊಂದು ಸಂಯುಕ್ತವಾದ ಸಿಬಿಡಿಯ ಬಗೆ ಬೇರೆ. ಅದು ಅಮಲು ತರುವುದಿಲ್ಲ. ಆದರೆ ಯಕೃತ್ತಿನ ಕಿಣ್ವಗಳನ್ನು ತಡೆಯುತ್ತದೆ. 1972ರಲ್ಲಿ ಪೇಟನ್ ಮತ್ತು ಪರ್ಟ್‌ವೀ ಸುಂಡಿಲಿಗಳಲ್ಲಿ ಪೆಂಟೊಬಾರ್ಬಿಟೋನ್ ನಿದ್ದೆ ಅದರಿಂದ ದೀರ್ಘವಾಗುವುದನ್ನು ತೋರಿಸಿದರು. 'ನಿರುಪದ್ರವಿ ಎಣ್ಣೆ' ಎಂದು ಸಾಕುಪ್ರಾಣಿಗೆ ಕೊಡುವ ಸಿಬಿಡಿಯನ್ನೂ ಚಿಕಿತ್ಸೆಯ ಚೀಟಿಯಲ್ಲಿ ಬರೆದುಕೊಳ್ಳಬೇಕಾದುದು ಇದಕ್ಕಾಗಿ.

ಅರಿವಳಿಕೆಯಲ್ಲಿರುವ ನಾಯಿಯಲ್ಲಿ ಟಿಎಚ್‌ಸಿ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ. ಪಶುವೈದ್ಯರು ಬಳಸುವ ಶಾಮಕ ಮದ್ದು ಜೈಲಜೀನ್ ಕೂಡ ಬಡಿತವನ್ನು ನಿಧಾನಗೊಳಿಸುವುದರಿಂದ ಇವೆರಡರ ಜೋಡಿ ಅಪಾಯಕರ. ಮೈಬಿಸಿಯೂ ಇಳಿಯುತ್ತದೆ.

ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಅಮಲು ಇಳಿಯುವವರೆಗೆ ಮುಂದೂಡುವುದೇ ಸರಿ. ತುರ್ತಾದರೆ ಮದ್ದನ್ನು ತುಸುತುಸುವೇ ಏರಿಸುತ್ತ ಉಸಿರು, ಬಡಿತ, ರಕ್ತದೊತ್ತಡ, ಮೈಬಿಸಿಗಳನ್ನು ಎಡೆಬಿಡದೆ ಗಮನಿಸಬೇಕು. ಕಾನೂನಿಗೆ ಅಂಜುವ ಮಾಲೀಕರು ಪ್ರಾಣಿ ತಿಂದದ್ದನ್ನು ಮುಚ್ಚಿಡುವ ಸಂಭವವಿದೆ; ಪ್ರಾಣಿಗೆ ಬಾಯಿಲ್ಲ. ಆದ್ದರಿಂದ ಅರಿವಳಿಕೆಗೆ ಮುನ್ನ, ದೂಷಣೆಯ ದನಿಯಿಲ್ಲದೆ, ಗಾಂಜಾ, ಭಂಗಿ, ಸಿಬಿಡಿಗಳ ಬಗ್ಗೆ ಕೇಳುವುದು ಪ್ರತಿಯೊಂದು ಪಶು ಚಿಕಿತ್ಸಾಲಯದ ನಿಯಮವಾಗಬೇಕು.