ಗಿಳಿಯ ಸಂಸಾರ

ಗಿಳಿ ಜೋಡಿ ಮರಿ ಮಾಡಲು ಮೊದಲು ಬೇಕಾದುದು ಪೊಟರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತೋಟಗಳಲ್ಲಿ ಕಾಣುವ ಕೊರಳಪಟ್ಟಿಯ ಹಸಿರು ಗಿಳಿ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಹಳೆಯ ಮರದ ಟೊಳ್ಳು, ಸುಳಿ ಸತ್ತ ತೆಂಗಿನ ಕಾಂಡ, ಮರಕುಟಿಗ ಬಿಟ್ಟುಹೋದ ತೂತು, ಹಳೆಗೋಡೆಯ ಸಂದು ಇವೇ ಅದರ ಬಾಣಂತಿ ಕೋಣೆ.

ಚಳಿ ಸರಿದು ಬೇಸಿಗೆ ಕಾಲಿಡುವಾಗ ಗಂಡು ತುತ್ತು ಕೊಟ್ಟು ಹೆಣ್ಣನ್ನು ಒಲಿಸುತ್ತದೆ. ಹೆಣ್ಣು 4ರಿಂದ 6 ಬಿಳಿ ಮೊಟ್ಟೆ ಇಟ್ಟು ಮೂರು ವಾರಕ್ಕೂ ಮಿಕ್ಕಿ ಕಾವು ಕೊಡುತ್ತದೆ. ಮರಿಗಳು ಹಾರಲು ಮತ್ತೆ 6-7 ವಾರ ಬೇಕು.

ಈ ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದರೆ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಸಿಗುವ ಬಡ್ಜಿ ಗಿಳಿ ಆಸ್ಟ್ರೇಲಿಯ ಮೂಲದ್ದು, ಅದನ್ನು ಸಾಕಬಹುದು. ಕೊಕ್ಕಿನ ಬುಡ ನೀಲಿಯಿದ್ದರೆ ಸಾಮಾನ್ಯವಾಗಿ ಗಂಡು, ಕಂದಾಗಿದ್ದರೆ ಹೆಣ್ಣು. ವರ್ಷ ತುಂಬಿದ ಜೋಡಿಗೆ ಮರದ ಗೂಡುಪೆಟ್ಟಿಗೆ, ನವಣೆ, ಸಜ್ಜೆ, ಸೊಪ್ಪು, ಸುಣ್ಣದಂಶಕ್ಕೆ ಸಮುದ್ರದ ನೊರೆ (ಕಟಲ್‌ಬೋನ್), ಗದ್ದಲವಿಲ್ಲದ ಜಾಗ ಒದಗಿಸಬೇಕು. ಪ್ರತಿ ಮೊಟ್ಟೆ ಸುಮಾರು 18 ದಿನಕ್ಕೆ ಒಡೆಯುತ್ತದೆ. ಪದೇ ಪದೇ ಇಣುಕಿದರೆ ತಾಯಿ ಗೂಡು ತೊರೆಯಬಹುದು. ವರ್ಷಕ್ಕೆ ಎರಡು ಸಲ ಮರಿಯಾದ ಮೇಲೆ ಪೆಟ್ಟಿಗೆ ತೆಗೆದಿಟ್ಟು ಜೋಡಿಗೆ ವಿಶ್ರಾಂತಿ ಕೊಡಬೇಕು. ಇಲ್ಲದಿದ್ದರೆ ತಾಯಿಹಕ್ಕಿ ಸೊರಗುತ್ತದೆ.

ಹಸಿರು ಗಿಳಿಗೆ ಮನುಷ್ಯ ಕೊಡಬಹುದಾದ ನೆರವು ಇನ್ನೊಂದು ಬಗೆಯದು. ಹೊಲದ ಬದುವಿನ, ಕೆರೆ ಏರಿಯ ಹಳೆಯ ಮಾವು, ಆಲ, ಅರಳಿಗಳನ್ನು ಪೊಟರೆಯ ಸಮೇತ ಉಳಿಸಿದರೆ ಅದರ ಸಂತಾನ ತಾನಾಗಿ ಬೆಳೆಯುತ್ತದೆ.